ಪರಿಚಯಿಸಿದವರ ರುಜು

೧೨ ಜೂನ್ ೨೦೧೨

ಹಣ ರವಾನೆ ವಿಭಾಗದ ಮುಖ್ಯಸ್ಥರಿಗೆ,

ನನ್ನ ಪೂರ್ಣ ಹೆಸರು ಈ ಹಾಳೆಯ ನೆತ್ತಿಯಲ್ಲಿ ಅಚ್ಚಾಗಿದೆ. ಅದರ ಕೆಳಗಿರುವ ‘ನಿವೃತ್ತ ಮುಖ್ಯೋಪಾಧ್ಯಾಯಿನಿ’ ಎಂಬ ಸಾಲನ್ನೂ ದಯವಿಟ್ಟು ಓದಿಕೊಳ್ಳಬೇಕು. ಸೇವಾವಧಿ ಮೂವತ್ತಾರು ವರ್ಷ. ಒಂದೇ ಊರು, ಒಂದೇ ಶಾಲೆ. ಅಷ್ಟೂ ಅವಧಿಯಲ್ಲಿ ಗೈರುಹಾಜರಿ ಹತ್ತೊಂಬತ್ತು ದಿನ. ಅದರಲ್ಲಿ ಹನ್ನೊಂದು ದಿನ ಹೆರಿಗೆಯ ಸಲುವಾಗಿ. ಇದನ್ನು ಜಂಬಕ್ಕಾಗಿ ಬರೆಯುತ್ತಿಲ್ಲ. ಮುಂದೆ ಬರೆಯುವುದನ್ನು ಹೊತ್ತುಹೋಗದ ಮುದುಕಿಯ ತಕರಾರೆಂದು ನೀವು ಬದಿಗಿಡಬಾರದೆಂದು ಬರೆಯುತ್ತಿದ್ದೇನೆ.

ನಿಮ್ಮ ಬ್ಯಾಂಕಿನವರು ಕಳೆದ ವಾರ ನಮ್ಮ ಬೀದಿಯ ಮನೆಮನೆಗೂ ಒಂದು ಕರಪತ್ರ ಹಾಕಿಹೋಗಿದ್ದಾರೆ. ಅದರಲ್ಲಿ ಒಬ್ಬ ಹೆಂಗಸಿನ ಚಿತ್ರ. ಅವಳು ಮಸಿ ಹತ್ತಿದ ಹೆಬ್ಬೆರಳನ್ನು ಎತ್ತಿ ನಗುತ್ತಿದ್ದಾಳೆ. ಕೆಳಗೆ, ‘ಹೆಬ್ಬೆಟ್ಟು ಒತ್ತಿ, ಹೊರದೇಶದ ಹಣ ಪಡೆಯಿರಿ’ ಎಂದಿದೆ.

ಈ ಊರಿನಲ್ಲಿ ಎರಡು ಮನೆಗೊಬ್ಬರಂತೆ ಹೊರದೇಶದಲ್ಲಿ ದುಡಿಯುತ್ತಿರುವುದು ನಿಜ. ತಿಂಗಳು ತಿಂಗಳು ಅವರ ಹಣ ಬರುವುದೂ ನಿಜ. ಆದರೆ ಆ ಹಣವನ್ನು ಇಲ್ಲಿ ಬಿಚ್ಚಿ ಎಣಿಸುವ ಹೆಂಗಸರು ರುಜು ಹಾಕುತ್ತಾರೆ. ಹಗಲು ಶಾಲೆಯಲ್ಲಿ ಮಕ್ಕಳಿಗೆ, ಸಂಜೆ ಅದೇ ಜಗಲಿಯಲ್ಲಿ ಅವರ ತಾಯಂದಿರಿಗೆ ಕಲಿಸಿದವಳು ನಾನು. ಕರಪತ್ರವನ್ನು ಹಿಂದೆಗೆದುಕೊಳ್ಳಬೇಕೆಂದು ಕೋರುತ್ತೇನೆ.

ಲಗತ್ತು: ಸದರಿ ಕರಪತ್ರ, ಒಂದು.

---

೨೫ ಜೂನ್ ೨೦೧೨

ಪೂಜ್ಯ ಟೀಚರ್ ಅವರಿಗೆ,

ನಿಮ್ಮ ಪತ್ರದ ಅಕ್ಷರ ನೋಡಿದ ಕೂಡಲೇ ಕುರ್ಚಿಯಿಂದ ಎದ್ದು ನಿಂತೆ. ಎದುರಿಗಿದ್ದ ಗುಮಾಸ್ತ ‘ಏನಾಯ್ತು ಸಾರ್?’ ಎಂದ. ‘ಟೀಚರ್ ಬಂದ್ರು’ ಎಂದೆ. ಅವನು ಬಾಗಿಲು ನೋಡಿದ!

ನಾನು ಗಂಟೆ. ನಿಮಗೆ ನೆನಪಿರಬಹುದು. ಹುಣಸೆಮರದ ಕೊಂಬೆಗೆ ತೂಗುಹಾಕಿದ್ದ ಆ ಕಬ್ಬಿಣದ ಹಳಿಯ ತುಂಡನ್ನು ಮೂರು ವರ್ಷ ಬಾರಿಸಿದವನು. ಎಲ್ಲರೂ ಹೆಸರು ಬಿಟ್ಟು ಗಂಟೆ ಎಂದೇ ಕರೆಯುತ್ತಿದ್ದರು. ಒಮ್ಮೆ ಚೆಂಡಾಟ ನೋಡುವ ಆಸೆಗೆ ಐದು ನಿಮಿಷ ಮೊದಲೇ ಬಾರಿಸಿಬಿಟ್ಟೆ. ಮರುದಿನ ನೀವು ಇಡೀ ಶಾಲೆಯನ್ನು ನಿಲ್ಲಿಸಿ ಕೇಳಿದಿರಿ. ನಿಜ ಹೇಳಿದೆ. ಬೆತ್ತ ಬೀಳುತ್ತದೆ ಎಂದುಕೊಂಡಿದ್ದೆ. ನೀವು ‘ಇವನ ಮಾತನ್ನು ನಂಬಬಹುದು’ ಎಂದಿರಿ. ಟೀಚರ್, ಇಷ್ಟು ವರ್ಷ ಆ ಒಂದು ಮಾತನ್ನು ಬಂಡವಾಳ ಮಾಡಿಕೊಂಡು ಬದುಕಿದ್ದೇನೆ.

ಕರಪತ್ರ ಹಿಂದೆಗೆದುಕೊಂಡಿದ್ದೇವೆ. ತಪ್ಪಾಯಿತು.

ಈಗ ಒಂದು ಬಿನ್ನಹ. ನಮ್ಮೂರಿನಲ್ಲಿ ಶಾಖೆ ತೆರೆಯಬೇಕೆಂಬುದು ನನ್ನ ಆಸೆ. ಮೇಲಿನವರು ಇನ್ನೂರು ಖಾತೆ ತೋರಿಸು ಎನ್ನುತ್ತಾರೆ. ಹಣವೆಲ್ಲ ಇನ್ನೂ ಆ ಚೀಲದಣ್ಣನ ಕೈಯಲ್ಲೇ ಬರುತ್ತಿದೆಯಂತಲ್ಲ? ನೂರಕ್ಕೆ ಐದು ಮುರಿದುಕೊಳ್ಳುತ್ತಾನಂತೆ. ಬಂದ ಹಣವೂ ಟ್ರಂಕಿನ ತಳ ಸೇರುತ್ತದೆ. ಟ್ರಂಕಿನಲ್ಲಿ ಹಣ ಮಲಗಿರುತ್ತದೆ ಟೀಚರ್. ಬ್ಯಾಂಕಿಗೆ ಬಂದರೆ ಎದ್ದು ಊರೊಳಗೆ ಓಡಾಡುತ್ತದೆ. ಒಬ್ಬಳು ಇಟ್ಟದ್ದು ಇನ್ನೊಬ್ಬಳಿಗೆ ಸಾಲವಾಗುತ್ತದೆ, ಅಂಗಡಿಯಾಗುತ್ತದೆ, ಹೋದವರು ಮರಳಿ ಬರಲು ದಾರಿಯಾಗುತ್ತದೆ. ನಾವು ಹೇಳಿದರೆ ಅವರು ಕೇಳುವುದಿಲ್ಲ. ನೀವು ಹೇಳಿದರೆ ಕೇಳುತ್ತಾರೆ.

ನಿಮ್ಮ ವಿಧೇಯ ವಿದ್ಯಾರ್ಥಿ,
ಗಂಟೆ

---

೩೦ ಆಗಸ್ಟ್ ೨೦೧೨

ಪ್ರಿಯ ಗಂಟೆ,

ನಿನ್ನನ್ನು ಏಕವಚನದಲ್ಲಿ ಕರೆಯಬಹುದೇ ಎಂದು ಎರಡು ದಿನ ಯೋಚಿಸಿದೆ. ಕರೆಯಬಹುದೆಂದು ತೀರ್ಮಾನಿಸಿದ್ದೇನೆ.

ಎಂಟು ವಾರದಿಂದ ಪ್ರತಿ ಭಾನುವಾರ ಶಾಲೆಯ ಜಗಲಿಯಲ್ಲಿ ಸಭೆ ನಡೆಸುತ್ತಿದ್ದೇನೆ. ಕೆಲಸ ಸುಲಭವಲ್ಲ. ಮೊದಲ ಭಾನುವಾರ ಮೂಲೆಮನೆಯ ಹೊಲಿಗೆಯವಳು ಎದ್ದು, ‘ಟೀಚರ್, ಬ್ಯಾಂಕಿನೋರು ನಮ್ಮನ್ನ ಹೊರಗೆ ನಿಲ್ಲಿಸಿ ಮಾತಾಡಿಸ್ತಾರೆ. ಚೀಲದಣ್ಣ ಒಳಗೆ ಬಂದು ಕೂತ್ಕೊಂಡು ನೀರು ಕುಡಿದು ಹೋಗ್ತಾನೆ. ಯಾರು ವಾಸಿ ನೀವೇ ಹೇಳಿ’ ಎಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಮೂರನೆಯ ಭಾನುವಾರ ಚೀಲದಣ್ಣನೇ ಬಂದ. ಅದೇ ಕಂದು ಚೀಲ, ಅದೇ ಕಿವಿಯ ಮೇಲಿನ ಪೆನ್ಸಿಲು. ಕಂಬಕ್ಕೆ ಒರಗಿ ನಿಂತು, ‘ಟೀಚರಮ್ಮ, ನಾನು ನೂರಕ್ಕೆ ಐದು ತಿನ್ನೋನು, ಒಪ್ಕೋತೀನಿ. ಆದ್ರೆ ಅಲ್ಲಿಂದ ಹಣ ತಡವಾದ್ರೆ ನನ್ನ ಜೇಬಿಂದ ಕೊಟ್ಟು ಹೋಗ್ತೀನಿ. ಮುಖ ನೋಡಿ ಕೊಡ್ತೀನಿ. ನಿಮ್ಮ ಬ್ಯಾಂಕಿನ ಗಾಜಿನ ಬಾಗ್ಲು ಮುಖ ನೋಡಿ ಕೊಡತ್ತಾ?’ ಎಂದ.

‘ಕಾನೂನು ನೋಡಿ ಕೊಡುತ್ತದೆ’ ಎಂದೆ. ಸಭೆ ತಲೆದೂಗಿತು. ನಾನು ಹೇಳಿದ್ದು ಸರಿಯೆಂಬ ನಂಬಿಕೆ ನನಗಿದೆ. ಆದರೆ ನಂಬಿಕೆಯನ್ನು ನಾನು ಕಾಗದದ ಮೇಲೆ ನೋಡಬಯಸುತ್ತೇನೆ. ನೀನು ಹೇಳಿದ ಸಾಲದ ಮಾತನ್ನು ಬ್ಯಾಂಕಿನ ಹೆಸರಿರುವ ಹಾಳೆಯಲ್ಲಿ ಬರೆದು ಕಳುಹಿಸು. ದೂರವಾಣಿಯಲ್ಲಿ ಹೇಳಬೇಡ. ಗಾಳಿಗೆ ಹೇಳಿದ್ದನ್ನು ಗಾಳಿಯೇ ಒಯ್ಯುತ್ತದೆ.

ಆಶೀರ್ವಾದಗಳೊಂದಿಗೆ,
ನಿನ್ನ ಟೀಚರ್

---

೧೪ ಸೆಪ್ಟೆಂಬರ್ ೨೦೧೨

ಪೂಜ್ಯ ಟೀಚರ್ ಅವರಿಗೆ,

ಕೇಳಿದಂತೆ ಬ್ಯಾಂಕಿನ ಹಾಳೆಯಲ್ಲೇ ಬರೆಯುತ್ತಿದ್ದೇನೆ:

‘ಮೂರು ವರ್ಷ ಕಾಲ ತಪ್ಪದೆ ಹೊರದೇಶದ ಹಣ ಜಮೆಯಾದ ಖಾತೆಯನ್ನೇ ಜಾಮೀನೆಂದು ಭಾವಿಸಿ, ಊರಿಗೆ ಮರಳಿ ಸ್ವಂತ ಉದ್ಯೋಗ ಹೂಡುವವರಿಗೆ ಆದ್ಯತೆಯ ಮೇಲೆ ಸಾಲ ನೀಡಲಾಗುವುದು.’

ಕೆಳಗೆ ರುಜು, ಮೊಹರು ಎರಡೂ ಇವೆ. ಸಭೆಯಲ್ಲಿ ಓದಿ ಹೇಳಿ. ಚೀಲದಣ್ಣನಿಗೂ ಕೇಳಿಸುವಂತೆ ಓದಿ!

ನಿಮ್ಮ ಗಂಟೆ

---

೩ ಮಾರ್ಚ್ ೨೦೧೩

ಪ್ರಿಯ ಗಂಟೆ,

ಶಾಖೆಯ ಉದ್ಘಾಟನೆಯ ದಿನ ನೀನು ನನಗೆ ಕೊಟ್ಟ ಗೋಡೆ ಗಡಿಯಾರವನ್ನು ನಡುಮನೆಯಲ್ಲಿ ತೂಗುಹಾಕಿದ್ದೇನೆ. ಅಷ್ಟು ಜನರ ನಡುವೆ ಮಾತನಾಡಲಾಗಲಿಲ್ಲ, ಆದ್ದರಿಂದ ಈ ಪತ್ರ.

ಒಟ್ಟು ಖಾತೆಗಳು ಇನ್ನೂರ ಹನ್ನೊಂದು. ಪ್ರತಿ ನಮೂನೆಯ ಕೊನೆಯಲ್ಲಿ ‘ಪರಿಚಯಿಸಿದವರು’ ಎಂಬ ಗೆರೆ ಇದೆಯಷ್ಟೆ? ಇನ್ನೂರ ಹನ್ನೊಂದು ಗೆರೆಯ ಮೇಲೂ ನನ್ನ ರುಜು. ‘ಅರ್ಜಿದಾರರನ್ನು ನಾನು ಬಲ್ಲೆ, ಇವರು ನಂಬಿಕೆಗೆ ಅರ್ಹರು’ ಎಂದು ಅಚ್ಚಾಗಿದ್ದ ಕೆಳಗೆ. ಕೈ ಸೋತಿತು, ಮನಸ್ಸು ಸೋಲಲಿಲ್ಲ. ಅಷ್ಟು ಜನರನ್ನು ನಿಜವಾಗಿಯೂ ಬಲ್ಲವರು ನಿಮ್ಮ ಇಡೀ ಬ್ಯಾಂಕಿನಲ್ಲಿ ಯಾರಾದರೂ ಇದ್ದಾರೆಯೇ?

ಚೀಲದಣ್ಣ ಈಗ ಬಸ್ ನಿಲ್ದಾಣದ ಬಳಿ ಬೀಗ ರಿಪೇರಿ ಮಾಡುತ್ತಾನೆ. ನಿನ್ನೆ ಹಾದುಹೋಗುವಾಗ, ‘ಬೀಗ ಬೇಕಾ ಟೀಚರಮ್ಮ? ಟ್ರಂಕು ಖಾಲಿಯಾಗಿದೆ, ಇನ್ಯಾಕೆ ಬೀಗ, ಅಲ್ವಾ’ ಎಂದ. ವ್ಯಂಗ್ಯವೆಂದು ತಿಳಿಯಿತು.

ಇನ್ನೊಂದು ಮಾತು. ಇನ್ನೂರ ಹನ್ನೊಂದರಲ್ಲಿ ಒಂದು ಖಾತೆ ನನ್ನ ಮಗಳದು. ಅಳಿಯ ತೀರಿಕೊಂಡ ಮೇಲೆ, ಮೂರು ವರ್ಷದ ಕೂಸನ್ನು ನನ್ನಲ್ಲಿ ಬಿಟ್ಟು ಹೋದವಳು. ಈಗ ಆರನೆಯ ವರ್ಷ. ಹೊರದೇಶದ ದೊಡ್ಡ ಆಸ್ಪತ್ರೆಯೊಂದರಲ್ಲಿದ್ದಾಳೆ. ಮೂರು ವರ್ಷ ಖಾತೆ ನಡೆಸಿ, ನೀನು ಬರೆದುಕೊಟ್ಟ ಸಾಲ ಪಡೆದು ಅವಳು ಮರಳಬೇಕೆಂಬುದು ನಮ್ಮ ಮನೆಯ ಲೆಕ್ಕಾಚಾರ.

ಆಶೀರ್ವಾದಗಳು.

---

೧೮ ಏಪ್ರಿಲ್ ೨೦೧೬

ಪ್ರಿಯ ಗಂಟೆ,

ಈ ಮೂರು ವರ್ಷದಲ್ಲಿ ನಾನು ನಾಲ್ಕು ಪತ್ರ ಬರೆದೆ. ನಿನ್ನಿಂದ ಬಂದದ್ದು ಮೂರು ಹೊಸ ವರ್ಷದ ಕಾರ್ಡು, ಅಚ್ಚಾದ ರುಜುವಿನೊಂದಿಗೆ. ಕೆಲಸ ಹೆಚ್ಚಿರಬಹುದು. ಆಕ್ಷೇಪಿಸುತ್ತಿಲ್ಲ.

ಮಗಳ ಖಾತೆಗೆ ಮೂರು ವರ್ಷ ತುಂಬಿತು. ಮೂವತ್ತಾರು ತಿಂಗಳಲ್ಲಿ ಒಂದು ತಿಂಗಳೂ ಹಣ ತಪ್ಪಿಲ್ಲ. ಅವಳು ಬಂದು ಇಲ್ಲಿ ಒಂದು ಘಟಕ ಹೂಡಬೇಕೆಂದಿದ್ದಾಳೆ: ಆಸ್ಪತ್ರೆ ಮತ್ತು ವಸತಿಗೃಹಗಳ ಹಾಸು, ಹೊದಿಕೆ, ಟವೆಲುಗಳನ್ನು ಯಂತ್ರದಲ್ಲಿ ಒಗೆದು ಇಸ್ತ್ರಿ ಮಾಡಿಕೊಡುವುದು. ಇಲ್ಲಿನ ಎರಡು ಆಸ್ಪತ್ರೆಗಳ ಬಟ್ಟೆ ಈಗ ಲಾರಿಯಲ್ಲಿ ಮೂರು ಗಂಟೆಯ ದಾರಿ ಹೋಗಿ ಬರುತ್ತಿದೆ. ಎರಡೂ ಕಡೆ ಮಾತಾಡಿ ಒಪ್ಪಿಗೆಪತ್ರ ಪಡೆದಿದ್ದೇನೆ. ಬಸ್ ನಿಲ್ದಾಣದ ಹಿಂದಿನ ಹಳೆಯ ಮರದ ಡಿಪೋ ಬಾಡಿಗೆಗೆ ಸಿಗುತ್ತದೆ. ನೀರಿದೆ, ಚರಂಡಿ ಇದೆ.

ಅರ್ಜಿಯನ್ನು ಅವಳ ಪರವಾಗಿ ನಾನೇ ಭರ್ತಿ ಮಾಡಿ ಶಾಖೆಗೆ ಕೊಟ್ಟಿದ್ದೇನೆ. ಉದ್ಯೋಗದ ಕಾಲಮ್ಮಿನಲ್ಲಿ ‘ಆಸ್ಪತ್ರೆಯ ಶುಶ್ರೂಷಾ ಸಿಬ್ಬಂದಿ’ ಎಂದು ಬರೆದಿದ್ದೇನೆ.

ಮೊಮ್ಮಗಳಿಗೆ ಈಗ ಹನ್ನೆರಡು. ಸುದ್ದಿ ತಿಳಿದಾಗ ಅವಳು ಕೇಳಿದ ಮೊದಲ ಪ್ರಶ್ನೆ: ‘ಅಮ್ಮ ಬಂದ್ರೆ ನನ್ನ ಹಾಸಿಗೇಲಿ ಅರ್ಧ ಬಿಟ್ಕೊಡ್ಬೇಕಾ ಅಜ್ಜಿ?’

‘ಬೇಕಾಗುತ್ತದೆ’ ಎಂದೆ.

‘ಯಾವ ಕಡೆ?’

---

೨ ಜೂನ್ ೨೦೧೬

ಮಾನ್ಯ ಟೀಚರ್ ಅವರಿಗೆ,

ಪತ್ರ ತಲುಪಿತು. ತಡವಾಗಿ ಉತ್ತರಿಸುತ್ತಿರುವುದಕ್ಕೆ ಕ್ಷಮೆಯಿರಲಿ. ನಾನೀಗ ವಲಯ ಕಚೇರಿಯಲ್ಲಿದ್ದೇನೆ, ಓಡಾಟ ಹೆಚ್ಚು.

ನಿಮ್ಮ ಮಗಳು ನರ್ಸ್ ಎಂದು ತಿಳಿದು ಸಂತೋಷವಾಯಿತು. ಆದರೆ ಮೇಲಿನವರು ಒಂದು ಪ್ರಶ್ನೆ ಎತ್ತಬಹುದು: ನರ್ಸ್ ಆಗಿರುವವರು ಬಟ್ಟೆ ಒಗೆಯುವ ಘಟಕ ಏಕೆ ಹೂಡುತ್ತಾರೆ? ಆ ಕೆಲಸದಲ್ಲಿ ಅನುಭವವಿದೆಯೇ? ಅನುಭವಪತ್ರವಿದ್ದರೆ ಲಗತ್ತಿಸಿ. ಉಳಿದದ್ದನ್ನು ಶಾಖೆಯವರು ನೋಡಿಕೊಳ್ಳುತ್ತಾರೆ.

ವಂದನೆಗಳು.
ಉಪ ವಲಯಾಧಿಕಾರಿ

---

೧೧ ಜುಲೈ ೨೦೧೬

ಪ್ರಿಯ ಗಂಟೆ,

ನೀನು ಕೇಳಿದ ಪತ್ರವನ್ನು ಮಗಳೇ ನೇರವಾಗಿ ಶಾಖೆಗೆ ಕಳುಹಿಸಿದ್ದಾಳೆ. ಶುಚಿತ್ವದ ವಿಷಯದಲ್ಲಿ ಅವಳಿಗಿರುವ ತಿಳಿವಳಿಕೆಗೆ ನಾನು ಹೊಣೆ.

ಶಾಖೆಗೆ ಐದು ಸಲ ಹೋಗಿಬಂದೆ. ಮೊದಲು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದವರು ವರ್ಗವಾಗಿ ಹೋಗಿದ್ದಾರೆ. ಈಗ ಗೋಡೆಗೆ ಅಂಟಿಸಿದ ಕುರ್ಚಿಗಳು, ಕೈಗೊಂದು ನಂಬರಿನ ಚೀಟಿ. ಸಾಲದ ಮೇಜಿನಲ್ಲಿ ಹೊಸ ಹುಡುಗಿ. ಒಳ್ಳೆಯವಳು, ನಮ್ಮ ಮಾತುಕತೆಯನ್ನು ಇದ್ದಂತೆಯೇ ಬರೆಯುತ್ತೇನೆ.

‘ಅಮ್ಮಾ, ನಿಮ್ಮ ಮಗಳ ಆದಾಯದ ದಾಖಲೆ ಬೇಕು.’

‘ಮೂರು ವರ್ಷದ ಪಾಸ್‌ಬುಕ್ಕು ನಿಮ್ಮ ಮುಂದೆಯೇ ಇದೆಯಲ್ಲ.’

‘ಇದು ಹೊರಗಿಂದ ಬಂದ ಹಣ. ಇದನ್ನ ಆದಾಯ ಅಂತ ಹಿಡಿಯೋ ಹಾಗಿಲ್ಲ. ಕಳಿಸೋರು ನಾಳೆ ನಿಲ್ಲಿಸಿಬಿಟ್ರೆ?’

‘ಒಂಬತ್ತು ವರ್ಷ ನಿಲ್ಲಿಸದವಳು ನಾಳೆ ಏಕೆ ನಿಲ್ಲಿಸುತ್ತಾಳೆ?’

‘ಅವ್ರು ವಾಪಸ್ ಬರ್ತಾರಲ್ಲಮ್ಮಾ. ಬಂದ ಮೇಲೆ ಕಳಿಸೋರು ಯಾರು?’

‘ಬರದಿದ್ದರೆ ಸಾಲ ಕೊಡುತ್ತೀರಾ?’

‘ಬರದೆ ಇದ್ರೆ ಇಲ್ಲಿ ಉದ್ಯೋಗ ಹೇಗೆ ಮಾಡ್ತಾರೆ?’

ಅವಳಿಗೇ ನಗು ಬಂತು, ತಡೆದುಕೊಂಡಳು. ಪಕ್ಕದ ಕುರ್ಚಿಯಲ್ಲಿದ್ದ ಹೊಲಿಗೆಯವಳು ಮಾತ್ರ ಜೋರಾಗಿಯೇ, ‘ಇಡೋಕೆ ಬಂದ್ರೆ ನಮ್ಮ ದುಡ್ಡು ದುಡ್ಡು, ಕೇಳೋಕೆ ಬಂದ್ರೆ ಅದು ದುಡ್ಡೇ ಅಲ್ಲ. ಇದೊಳ್ಳೆ ಚೆನ್ನಾಗಿದೆ’ ಎಂದಳು. ಅವಳೂ ಎರಡು ಹೊಲಿಗೆಯಂತ್ರಕ್ಕೆ ಸಾಲ ಕೇಳಿ ಹತ್ತು ತಿಂಗಳಾಯಿತಂತೆ. ನನಗೆ ಹೇಳಿರಲಿಲ್ಲ. ‘ನಿಮಗೆ ಬೇಜಾರಾಗತ್ತೆ ಅಂತ ಹೇಳ್ಲಿಲ್ಲ ಟೀಚರ್’ ಎಂದಳು. ಆ ದಿನ ಇದೊಂದು ಮಾತು ನನಗೆ ನಾಟಿತು.

ನಿನ್ನ ೧೪ ಸೆಪ್ಟೆಂಬರ್ ೨೦೧೨ರ ಪತ್ರವನ್ನು ಆ ಹುಡುಗಿಗೆ ತೋರಿಸಿದೆ. ಎರಡು ಸಲ ಓದಿ, ‘ಇಂಥ ಯೋಜನೆ ನಮ್ಮ ಕಂಪ್ಯೂಟರಲ್ಲಿ ಇಲ್ಲಮ್ಮಾ’ ಎಂದಳು. ಕಂಪ್ಯೂಟರಿನಲ್ಲಿಲ್ಲದಿದ್ದರೂ ನಿನ್ನಲ್ಲಿದೆಯೆಂದು ನಂಬಿ ಬರೆಯುತ್ತಿದ್ದೇನೆ. ಮಗಳ ಕರಾರು ನವೆಂಬರಿಗೆ ಮುಗಿಯುತ್ತದೆ. ಮುಂದುವರಿಸುವುದೋ ಬೇಡವೋ ಎಂದು ಅವಳು ಅಕ್ಟೋಬರ್ ಒಳಗೆ ಅಲ್ಲಿ ಹೇಳಬೇಕು.

ನಿನ್ನ ಟೀಚರ್

---

೯ ಆಗಸ್ಟ್ ೨೦೧೬

ಮಾನ್ಯ ಗ್ರಾಹಕರೇ,

ವಿಷಯ: ಉದ್ಯೋಗ ಸಾಲದ ಅರ್ಜಿ – ತಿರಸ್ಕೃತ

ತಮ್ಮ ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಯಿತು. ಅರ್ಜಿಯಲ್ಲಿ ಅರ್ಜಿದಾರರ ಉದ್ಯೋಗ ‘ಶುಶ್ರೂಷಾ ಸಿಬ್ಬಂದಿ’ ಎಂದಿದ್ದು, ಉದ್ಯೋಗದಾತರ ಪತ್ರದಲ್ಲಿ ‘ಲಾಂಡ್ರಿ ವಿಭಾಗದ ಕೆಲಸಗಾರ್ತಿ’ ಎಂದಿರುತ್ತದೆ. ಮಾಹಿತಿ ತಾಳೆಯಾಗದ ಕಾರಣ ಅರ್ಜಿಯನ್ನು ತಿರಸ್ಕರಿಸಲಾಗಿದೆ. ನಕಲನ್ನು ಅರ್ಜಿದಾರರ ವಿಳಾಸಕ್ಕೂ ಕಳುಹಿಸಲಾಗಿದೆ.

ಉಪ ವಲಯಾಧಿಕಾರಿ

---

೨೨ ಆಗಸ್ಟ್ ೨೦೧೬

ಉಪ ವಲಯಾಧಿಕಾರಿಗಳಿಗೆ,

ನಿಮ್ಮ ಪತ್ರ ತಲುಪಿದೆ. ಅದರಲ್ಲಿರುವುದು ಸತ್ಯ.

ನನ್ನ ಮಗಳು ನರ್ಸ್ ಅಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ದಿನಕ್ಕೆ ಹತ್ತು ಗಂಟೆ ಹಾಸು ಒಗೆಯುತ್ತಾಳೆ. ಅಲ್ಲಿಗೆ ಹೋದ ವರ್ಷವೇ ನನಗೆ ಹೇಳಿದ್ದಳು. ಊರಿನವರು ‘ಮಗಳು ಆಸ್ಪತ್ರೇಲಿ ಏನಾಗಿದ್ದಾಳೆ?’ ಎಂದು ಕೇಳಿದಾಗ ನಾನು ‘ಆಸ್ಪತ್ರೆಯಲ್ಲಿದ್ದಾಳೆ’ ಎನ್ನುತ್ತಿದ್ದೆ. ಅವರು ನರ್ಸ್ ಎಂದುಕೊಂಡರು. ತಿದ್ದಲಿಲ್ಲ. ನೀವೂ ಹಾಗೆಯೇ ಬರೆದಿರಿ; ಅದನ್ನೂ ತಿದ್ದಲಿಲ್ಲ. ಮೂವತ್ತಾರು ವರ್ಷ ತಿದ್ದುವುದೇ ನನ್ನ ಕಸುಬಾಗಿತ್ತು.

ನಕಲು ತಲುಪಿದ ದಿನ ಅವಳ ಕರೆ ಬಂತು.

‘ಅಮ್ಮಾ, ನಾನು ಮಾಡೋ ಕೆಲಸದ ಹೆಸರು ಬರೆಯೋಕೆ ನಿನ್ನ ಕೈ ಬರಲಿಲ್ವಾ?’

ಫೋನು ಹಿಡಿದು ನಾನು ಅಂಗಳಕ್ಕೆ ಬರುವಷ್ಟರಲ್ಲಿ ಅವಳೇ ಮುಂದುವರಿಸಿದಳು.

‘ರಕ್ತದ ಕಲೆಗೆ ಬಿಸಿನೀರು ಹಾಕಿದ್ರೆ ಕಲೆ ಬೆಂದು ಕೂತ್ಬಿಡತ್ತೆ, ತಣ್ಣೀರೇ ಆಗ್ಬೇಕು. ಔಷಧಿ ಕಲೆಗೆ ಬೇರೆ, ಕೀವಿಗೆ ಬೇರೆ. ಯಾವ ಹಾಸು ಎಷ್ಟು ಬಿಸಿ ತಡೆಯತ್ತೆ ಅಂತ ಮುಟ್ಟಿದ್ರೆ ಹೇಳ್ತೀನಿ. ಒಂಬತ್ತು ವರ್ಷ ಕಲ್ತಿದ್ದು ಇದೊಂದೇ ಅಮ್ಮಾ. ಸಾಲ ಕೇಳೋಕೆ ನನ್ಹತ್ರ ಇದ್ದಿದ್ದೂ ಇದೊಂದೇ. ಅದನ್ನೇ ಹೊಡೆದು ಹಾಕ್ಬಿಟ್ಯಲ್ಲ.’

ನನ್ನ ತಪ್ಪನ್ನು ಒಪ್ಪಿಕೊಂಡಿದ್ದೇನೆ. ಈಗ ನಿಮಗೆ ಒಂದು ಪ್ರಶ್ನೆ. ಆ ಕಾಲಮ್ಮಿನಲ್ಲಿ ನಿಜ ಬರೆದಿದ್ದರೆ ಸಾಲ ಸಿಗುತ್ತಿತ್ತೇ? ಹೊಲಿಗೆಯವಳು ನಿಜವನ್ನೇ ಬರೆದಿದ್ದಳು. ಅವಳಿಗೇಕೆ ಸಿಗಲಿಲ್ಲ? ಇನ್ನೂರ ಹನ್ನೊಂದರಲ್ಲಿ ಎಷ್ಟು ಜನರಿಗೆ ಸಿಕ್ಕಿದೆ? ಹೌದು ಅಥವಾ ಇಲ್ಲ ಎಂಬ ಉತ್ತರ, ಮತ್ತು ಒಂದು ಸಂಖ್ಯೆ, ಇಷ್ಟು ಸಾಕು.

---

೨೯ ಸೆಪ್ಟೆಂಬರ್ ೨೦೧೬

ಟೀಚರ್,

ಇದನ್ನು ಮನೆಯಿಂದ, ಬಿಳಿ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಓದಿದ ಮೇಲೆ ಹರಿದುಹಾಕಿ.

ಸಿಗುತ್ತಿರಲಿಲ್ಲ. ನಿಮ್ಮೂರಿನಂಥ ಶಾಖೆಗಳಲ್ಲಿ ಸಣ್ಣ ಸಾಲ ನಿಲ್ಲಿಸಬೇಕೆಂದು ೨೦೧೪ರಲ್ಲೇ ಸುತ್ತೋಲೆ ಬಂತು. ಅಂಥ ಊರುಗಳು ಹಣ ಕೂಡಿಸುವುದಕ್ಕೆ, ಸಾಲ ಕೊಡುವುದಕ್ಕೆ ದೊಡ್ಡ ನಗರ ಎಂದಾಯಿತು. ನಿಮ್ಮವರ ಠೇವಣಿ ನಗರದಲ್ಲಿ ಬಹುಮಹಡಿ ಕಟ್ಟಡ ಕಟ್ಟುವವರಿಗೆ ಹೋಗುತ್ತದೆ. ಅದರಲ್ಲಿ ಮೋಸವಿಲ್ಲ ಟೀಚರ್. ಬಡ್ಡಿ ಸರಿಯಾಗಿ ಬರುತ್ತದೆ, ಹಣ ಎಲ್ಲೂ ಹೋಗುವುದಿಲ್ಲ. ನಿಮ್ಮಲ್ಲಿ ಸಾಲ ಸಿಕ್ಕಿದ್ದು ನಾಲ್ಕು ಜನರಿಗೆ, ಅದೂ ಚಿನ್ನ ಅಡವಿಟ್ಟವರಿಗೆ.

ಆ ಸುತ್ತೋಲೆಯ ಕರಡು ಬರೆದವನು ನಾನೇ. ಬರೆಯದಿದ್ದರೆ ಇನ್ನೊಬ್ಬ ಬರೆಯುತ್ತಿದ್ದ. ನಿಮಗೆ ತಿಳಿಸಲು ಎರಡು ಸಲ ಕೂತೆ. ಯಾವ ಮುಖದಲ್ಲಿ ಬರೆಯಲಿ? ನಿಮ್ಮ ಅರ್ಜಿಯಲ್ಲಿ ಆ ತಪ್ಪು ಕಂಡಾಗ, ನಿಜ ಹೇಳಬೇಕೆಂದರೆ, ಉಸಿರು ಬಿಟ್ಟೆ. ಕಾರಣ ಹೇಳುವ ಕೆಲಸ ತಪ್ಪಿತಲ್ಲ ಎಂದು.

ಒಂದೇ ಬೇಡಿಕೆ. ಊರಿನಲ್ಲಿ ಇದನ್ನು ಓದಿ ಹೇಳಬೇಡಿ. ಠೇವಣಿ ಹೋದರೆ ಶಾಖೆ ಮುಚ್ಚುತ್ತದೆ. ಮತ್ತೆ ಚೀಲ, ಮತ್ತೆ ನೂರಕ್ಕೆ ಐದು. ನನಗೂ ಕೆಲಸದಲ್ಲಿ ಇನ್ನು ಆರು ವರ್ಷವಿದೆ, ಇಬ್ಬರು ಮಕ್ಕಳ ಓದಿದೆ.

---

೫ ನವೆಂಬರ್ ೨೦೧೬

ಉಪ ವಲಯಾಧಿಕಾರಿಗಳಿಗೆ,

ನಿಮ್ಮ ಪತ್ರವನ್ನು ಓದಿದೆ. ಹರಿದುಹಾಕಲಿಲ್ಲ, ಕಾಗದ ಹರಿಯುವ ಅಭ್ಯಾಸ ನನಗಿಲ್ಲ. ಅದನ್ನು ಯಾರಿಗೂ ಓದಿ ಹೇಳಲೂ ಇಲ್ಲ. ಅದರ ಕೆಳಗೆ ರುಜು ಇರಲಿಲ್ಲ, ಅಧಿಕಾರಿಯದೂ ಅಲ್ಲ, ಗಂಟೆಯದೂ ಅಲ್ಲ. ರುಜುವಿಲ್ಲದ ಕಾಗದವನ್ನು ನಾನು ಸಭೆಯಲ್ಲಿ ಓದುವುದಿಲ್ಲ.

ಓದಿದ್ದು ರುಜು ಇದ್ದದ್ದನ್ನು. ಅಕ್ಟೋಬರ್ ಎರಡನೆಯ ಭಾನುವಾರ ಅದೇ ಜಗಲಿಯಲ್ಲಿ ಎಲ್ಲರನ್ನೂ ಕರೆದೆ. ನೂರೈವತ್ತಕ್ಕೂ ಹೆಚ್ಚು ಜನ ಬಂದಿದ್ದರು. ಮೊದಲು ನನ್ನ ವಿಷಯ ಹೇಳಿದೆ: ಮಗಳು ಬಟ್ಟೆ ಒಗೆಯುತ್ತಾಳೆ, ನಾನು ನಾಚಿಕೊಂಡೆ, ಅರ್ಜಿಯಲ್ಲಿ ಸುಳ್ಳು ಬರೆದೆ. ಆಮೇಲೆ ಹೊಲಿಗೆಯವಳು, ‘ಅದು ನಮಗೆ ಗೊತ್ತಿತ್ತು ಟೀಚರ್. ನನ್ನ ತಂಗೀನೂ ಅದೇ ನೆಲಮಾಳಿಗೇಲೇ ಇರೋದು’ ಎಂದಳು. ಇಡೀ ಜಗಲಿಗೆ ಗೊತ್ತಿತ್ತಂತೆ. ನನಗಾಗಿ ಸುಮ್ಮನಿದ್ದರಂತೆ.

ಬಳಿಕ ನಿಮ್ಮ ೨೦೧೨ರ ಮಾತನ್ನು ಓದಿದೆ. ಅದರ ಹಿಂದೆಯೇ ೨೦೧೬ರ ತಿರಸ್ಕಾರವನ್ನೂ ಓದಿದೆ. ಸಾಲ ಕೇಳಿ ಬರಿಗೈಯಲ್ಲಿ ಬಂದವರು ಕೈಯೆತ್ತಿ ಎಂದೆ. ಮೂವತ್ತೆಂಟು ಕೈ. ಅವರಲ್ಲಿ ಒಬ್ಬರೂ ಈವರೆಗೆ ನನ್ನ ಮನೆ ಬಾಗಿಲಿಗೆ ಬಂದು ದೂರಿರಲಿಲ್ಲ.

ಪರಿಚಯಿಸಿದವರ ಗೆರೆಯ ಮೇಲೆ ಇನ್ನೂರ ಹನ್ನೊಂದು ಸಲ ರುಜು ಹಾಕಿದೆ, ಅವರನ್ನು ನಿಮಗೆ ಪರಿಚಯಿಸಿದೆನೆಂದು. ನಿಮ್ಮನ್ನು ಅವರಿಗೆ ಪರಿಚಯಿಸಿದವಳೂ ನಾನೇ. ಆ ರುಜುವಿಗೆ ನಿಮ್ಮ ನಮೂನೆಯಲ್ಲಿ ಗೆರೆ ಇರಲಿಲ್ಲ. ಇದ್ದಿದ್ದರೆ ಇಂದು ಅದನ್ನು ಹಿಂದೆಗೆದುಕೊಳ್ಳುತ್ತಿದ್ದೆ.

ಠೇವಣಿ ಹೋದರೆ ಶಾಖೆ ಮುಚ್ಚುತ್ತದೆಂದು ಬರೆದಿದ್ದೀರಿ. ಅದನ್ನೂ ತೂಗಿ ನೋಡಿದೆ. ತೊಂಬತ್ತನಾಲ್ಕು ಜನ ಖಾತೆ ಮುಚ್ಚುತ್ತಿದ್ದಾರೆ. ಉಳಿದವರು ಉಳಿಯುತ್ತಾರೆ, ಯಂತ್ರಕ್ಕೆ ಕಾರ್ಡು ಹಾಕಿ, ಯಾರ ಕಣ್ಣಿಗೂ ಬೀಳದೆ ತಮ್ಮ ಹಣ ತಾವೇ ತೆಗೆಯುವುದು ಅವರಿಗೆ ಇಷ್ಟ. ಅದನ್ನು ನಾನು ತಪ್ಪೆನ್ನಲಾರೆ. ತೊಂಬತ್ತನಾಲ್ವರು ಸೇರಿ ತಮ್ಮದೇ ಒಂದು ಸಂಘ ನೋಂದಾಯಿಸಿದ್ದಾರೆ. ಸಂಘದ ಹಣ ಸಂಘದವರಿಗೇ ಸಾಲ. ಮೊದಲ ಸಾಲ ಹೊಲಿಗೆಯಂತ್ರಕ್ಕೆ. ಲೆಕ್ಕ ಬರೆಯಲು ಯಾರನ್ನು ಇಟ್ಟುಕೊಂಡಿದ್ದಾರೆ ಬಲ್ಲಿರಾ? ಚೀಲದಣ್ಣನನ್ನು. ತಿಂಗಳ ಸಂಬಳಕ್ಕೆ, ನೂರಕ್ಕೆ ಐದಿಲ್ಲ. ‘ಟೀಚರಮ್ಮ, ನನ್ನನ್ನ ನೀವೇ ಪರಿಚಯ ಮಾಡ್ಕೊಡ್ಬೇಕು’ ಎಂದು ಹಲ್ಲು ಕಿರಿದ. ಅವನ ನಮೂನೆಯನ್ನು ಹೊಲಿಗೆಯವಳ ಕಡೆಗೆ ಸರಿಸಿದೆ. ಅಧ್ಯಕ್ಷೆಯಾಗಬೇಕೆಂದು ನನ್ನನ್ನೂ ಕೇಳಿದರು, ಒಲ್ಲೆನೆಂದೆ.

ಬಟ್ಟೆ ಒಗೆಯುವ ದೊಡ್ಡ ಯಂತ್ರಕ್ಕೆ ಕೊಡುವಷ್ಟು ಸಂಘದಲ್ಲಿ ಇನ್ನೂ ಇಲ್ಲ. ಎರಡು ವರ್ಷದಲ್ಲಿ ಕೂಡಬಹುದು ಎನ್ನುತ್ತಾರೆ. ಮರದ ಡಿಪೋ ಬೇರೆಯವರ ಪಾಲಾಯಿತು. ಮಗಳು ಅಕ್ಟೋಬರ್ ಕೊನೆಯ ದಿನದವರೆಗೂ ಕಾದು, ಅಲ್ಲಿ ತನ್ನ ಉತ್ತರ ಹೇಳಿದಳು. ಅವಳೀಗ ನನ್ನೊಡನೆ ಮಾತನಾಡುತ್ತಾಳೆ. ಮೊಮ್ಮಗಳ ಓದಿನ ಬಗ್ಗೆ, ಔಷಧಿಯ ಬಗ್ಗೆ. ಕೆಲಸದ ಮಾತು ಎತ್ತುವುದಿಲ್ಲ. ನಾನಾಗಿ ಕೇಳಿದರೆ, ‘ಆಸ್ಪತ್ರೇಲಿದ್ದೀನಮ್ಮಾ’ ಎನ್ನುತ್ತ ನನ್ನ ಮಾತನ್ನು ನನಗೇ ಮರಳಿಸುತ್ತಾಳೆ. ಏಪ್ರಿಲಿನಿಂದ ಮೊಮ್ಮಗಳು ಹಾಸಿಗೆಯ ಗೋಡೆ ಬದಿಯಲ್ಲಿ ಮಲಗುವ ಅಭ್ಯಾಸ ಮಾಡಿಕೊಂಡಿದ್ದಾಳೆ, ಉಳಿದರ್ಧ ಖಾಲಿ ಬಿಟ್ಟು. ನಡುವಿಗೆ ಬಂದು ಮಲಗು ಎಂದು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಕೊನೆಯದಾಗಿ, ಆ ಐದು ನಿಮಿಷದ ವಿಷಯ. ನಿಮ್ಮ ಮೊದಲ ಪತ್ರ ಬಂದಾಗಿನಿಂದ ಅದನ್ನು ಹೆಮ್ಮೆಯಿಂದಲೇ ನೆನೆಯುತ್ತಿದ್ದೆ. ಈಚೆಗೆ ಮತ್ತೊಮ್ಮೆ ಕೂತು ನೆನಪಿಸಿಕೊಂಡೆ. ಹಿಂದಿನ ದಿನ ಗಂಟೆ ಹೊತ್ತಿಗೆ ಸರಿಯಾಗಿಯೇ ಹೊಡೆಯಿತೇ ಎಂದು ಅಂದು ನಾನು ಮೂರು ಸಲ ಕೇಳಿದ್ದೆ. ಮೊದಲ ಎರಡು ಸಲ ನೀವು ನೆಲ ನೋಡುತ್ತಿದ್ದಿರಿ. ಮೂರನೆಯ ಸಲ ನಾನು ಕೈಗಡಿಯಾರ ಬಿಚ್ಚಿ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ. ಅದಾದ ಮೇಲೆಯೇ ನೀವು ನಿಜ ಹೇಳಿದ್ದು. ‘ಇವನ ಮಾತನ್ನು ನಂಬಬಹುದು’ ಎಂದು ಇಡೀ ಶಾಲೆಯೆದುರು ಹೇಳಿದ್ದು ನನ್ನ ತಪ್ಪು. ಮೂವತ್ತಾರು ವರ್ಷದಲ್ಲಿ ನಾನು ಹಾಕಿದ ಅಂಕಗಳಲ್ಲಿ ತಿದ್ದಬೇಕೆನಿಸಿದ್ದು ಇದೊಂದನ್ನೇ.

ಇತಿ,
ನಿವೃತ್ತ ಮುಖ್ಯೋಪಾಧ್ಯಾಯಿನಿ

ಲಗತ್ತುಗಳು:

೧. ನಿಮ್ಮ ೧೪ ಸೆಪ್ಟೆಂಬರ್ ೨೦೧೨ರ ಪತ್ರದ ನಕಲು. ಮೂಲಪ್ರತಿ ನನ್ನಲ್ಲಿರುತ್ತದೆ.

೨. ನಿಮ್ಮ ೨೯ ಸೆಪ್ಟೆಂಬರ್ ೨೦೧೬ರ ಪತ್ರ, ಮೂಲಪ್ರತಿ. ನಕಲು ಇಟ್ಟುಕೊಂಡಿಲ್ಲ.

೩. ಖಾತೆ ಮುಚ್ಚುವ ಅರ್ಜಿಗಳು, ತೊಂಬತ್ತನಾಲ್ಕು. ಎಲ್ಲದರಲ್ಲೂ ರುಜು, ಹೆಬ್ಬೆಟ್ಟು ಒಂದೂ ಇಲ್ಲ.

೪. ಗೋಡೆ ಗಡಿಯಾರ, ಬೇರೆ ಪೊಟ್ಟಣದಲ್ಲಿ. ಸರಿಯಾಗಿ ನಡೆಯುತ್ತಿದೆ.

೫. ಮಗಳ ಸಾಲದ ಅರ್ಜಿ, ಹೊಸದಾಗಿ ಭರ್ತಿ ಮಾಡಿದ್ದು. ಉದ್ಯೋಗ: ಆಸ್ಪತ್ರೆಯ ಬಟ್ಟೆ ಒಗೆಯುವವಳು. ಅನುಭವ: ಒಂಬತ್ತು ವರ್ಷ. ಪರಿಗಣಿಸಬೇಕಾಗಿಲ್ಲ, ದಾಖಲೆಯಲ್ಲಿರಲಿ.

೬. ಮಗಳ ಹೊಸ ಕರಾರಿನ ನಕಲು, ಒಂದು ಹಾಳೆ. ಅವಧಿ: ಎರಡು ವರ್ಷ.